13 ಡಿಗ್ರಿಯಲ್ಲಿ ಬಾಗುವ ಬೋಲ್ಟು: ಇಕ್ವಟೋರಿಯಲ್ ಮೌಂಟ್ ಇರುವವರು ದಯವಿಟ್ಟು ಓದಿ

ಚಿಕ್ಕಬಳ್ಳಾಪುರದ ಹತ್ತಿರದ ಬಂಡೆಗುಡ್ಡವೊಂದರಲ್ಲಿ 8 ಇಂಚಿನ ನ್ಯೂಟೋನಿಯನ್ (ಕನ್ನಡಿಯ) ಟೆಲಿಸ್ಕೋಪು ಇಕ್ವಟೋರಿಯಲ್ ಮೌಂಟಿನಿಂದ, ಅಂದರೆ ಭೂಮಿಯ ಅಕ್ಷಕ್ಕೆ ಸಮಾನಾಂತರವಾದ ಧ್ರುವಾಕ್ಷದ ಸುತ್ತ ತಿರುಗಿ ನಕ್ಷತ್ರಗಳನ್ನು ಹಿಂಬಾಲಿಸುವ ಸ್ಟ್ಯಾಂಡಿನಿಂದ, ಕಳಚಿ ಬಂಡೆಗೆ ಬಿತ್ತು. ಮುಖ್ಯ ಕನ್ನಡಿಯ ಅಂಚು ಸಿಡಿದಿದೆ, ಕೊಳವೆ ನೆಗ್ಗಿದೆ, ಫೋಕಸರ್ ಮುರಿದಿದೆ. ಅದೇ ಜಾಗದಲ್ಲಿ ಸ್ವಲ್ಪ ಹೊತ್ತಿನ ಮುಂಚೆ ಮಕ್ಕಳು ಗುರುಗ್ರಹ ನೋಡಲು ಸಾಲಾಗಿ ನಿಂತಿದ್ದರು. ಗಾಳಿ ಇರಲಿಲ್ಲ, ಯಾರೂ ಟ್ರೈಪಾಡಿಗೆ ಎಡವಲಿಲ್ಲ. ಆ ಅಕ್ಷವನ್ನು ಧ್ರುವ ನಕ್ಷತ್ರಕ್ಕೆ ಹೊಂದಿಸಲು ಎತ್ತರದ ಬೋಲ್ಟನ್ನು (ಅಕ್ಷದ ಕೋನವನ್ನು ಏರಿಸಿ ಇಳಿಸುವ ಬೋಲ್ಟು) ತಿರುಗಿಸುತ್ತಿದ್ದಾಗ ಅದರ ಥ್ರೆಡ್ ಕಿತ್ತುಬಂತು, ಮೌಂಟಿನ ತಲೆ ಒಮ್ಮೆಲೇ ಕುಸಿಯಿತು, ಆ ಏಟಿಗೆ ಡವ್‌ಟೇಲ್ (ಕೊಳವೆಯನ್ನು ಮೌಂಟಿಗೆ ಕೂರಿಸುವ ಲೋಹದ ಪಟ್ಟಿ) ಹಿಡಿತದಿಂದ ಜಾರಿತು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಈ ಬಗೆಯ ಮೌಂಟ್ ಇಟ್ಟುಕೊಂಡಿರುವ ಯಾರಿಗಾದರೂ ಹೀಗಾಗಬಹುದು.

ಮೊದಲು ಭಾರದ ಲೆಕ್ಕ. ಉಂಗುರ, ಡವ್‌ಟೇಲ್ ಸೇರಿ ಆ ಕೊಳವೆಯೇ ಸುಮಾರು 10 ಕಿಲೋ. ಕ್ಯಾಮೆರಾ, ಗೈಡ್ ಸ್ಕೋಪು (ನಕ್ಷತ್ರವನ್ನು ಹಿಂಬಾಲಿಸಲು ನೆರವಾಗುವ ಸಣ್ಣ ದುರ್ಬೀನು) ಸೇರಿದರೆ 12. ಇಕ್ಯೂ5 ದರ್ಜೆಯ (ಮಧ್ಯಮ ಗಾತ್ರದ) ಮೌಂಟಿನ ಮಿತಿ ಕೌಂಟರ್‌ವೇಟ್ (ಕೊಳವೆಗೆ ಸರಿದೂಗಿಸುವ ತೂಕ) ಬಿಟ್ಟು 9–10 ಕಿಲೋ, ಅದೂ ಕಣ್ಣಿಂದ ನೋಡುವುದಕ್ಕೆ. ಫೋಟೋ ತೆಗೆಯುವವರು ಅದರ ಅರ್ಧದಷ್ಟಕ್ಕೇ ನಿಲ್ಲಿಸುವುದು ಒಳ್ಳೆಯದು. ಕ್ಯಾಟಲಾಗಿನ ತೂಕ ನಂಬಬೇಡಿ. ಬ್ಯಾಗು ತೂಗುವ ಕೈತಕ್ಕಡಿಗೆ ಎಲ್ಲವನ್ನೂ ಜೋಡಿಸಿದ ಕೊಳವೆಯನ್ನು ನೇತುಹಾಕಿ ನೋಡಿ.

ಆದರೆ ಹೆಚ್ಚಿನವರಿಗೆ ಹೊಳೆಯದ ಸಂಗತಿ ಬೇರೆ ಇದೆ. ಕೋಲಾರದ ಅಕ್ಷಾಂಶ 13.1, ತುಮಕೂರಿನದು 13.3, ಚಿಕ್ಕಬಳ್ಳಾಪುರದ್ದು 13.4 ಡಿಗ್ರಿ. ಧ್ರುವಾಕ್ಷದ ಕೋನ ಅಕ್ಷಾಂಶದಷ್ಟೇ ಇರಬೇಕಾದ್ದರಿಂದ ಅದು ಇಲ್ಲಿ ಹೆಚ್ಚುಕಡಿಮೆ ಮಲಗಿಬಿಡುತ್ತದೆ. ಕೊಳವೆ, ಕೌಂಟರ್‌ವೇಟ್ ಎರಡರ ಭಾರವೂ ತಿರುಗಣೆಯಿಂದ ಉತ್ತರಕ್ಕೆ ಚಾಚಿಕೊಂಡು ತಲೆಯನ್ನು ಕೆಳಕ್ಕೆ ಎಳೆಯುತ್ತದೆ. ಆ ಎಳೆತ ಕೋನದ ಕೊಸೈನ್‌ಗೆ ತಕ್ಕಂತೆ ಬದಲಾಗುತ್ತದೆ: 50 ಡಿಗ್ರಿಯಲ್ಲಿ 0.64, ನಮ್ಮ 13ರಲ್ಲಿ 0.97. ಅಂದರೆ ಅದೇ ಮೌಂಟ್, ಅದೇ ಕೊಳವೆ, ಆದರೆ ಯೂರೋಪಿಗಿಂತ ಸುಮಾರು ಒಂದೂವರೆ ಪಟ್ಟು ಜಗ್ಗಾಟ. ಅದಷ್ಟನ್ನೂ ತಡೆಯುವುದು ಒಂದೇ ಒಂದು ಬೋಲ್ಟು. ಅಗ್ಗದ ಮೌಂಟುಗಳಲ್ಲಿ ಅದು ಮೆದು ಉಕ್ಕಿನದು, ಅದು ಕೂರುವ ಥ್ರೆಡ್ಡು ಅಲ್ಯೂಮಿನಿಯಂ ಎರಕದಲ್ಲಿ ಕೊರೆದದ್ದು. ಪೂರ್ತಿ ಭಾರ ಹೇರಿಕೊಂಡು ಇದನ್ನು ತಿರುಗಿಸಿದರೆ ತುದಿ ಬಾಗುತ್ತದೆ. ಬಾಗಿದ ಬೋಲ್ಟು ತಿರುಗುವಾಗಲೆಲ್ಲ ಎರಕದ ಥ್ರೆಡ್ಡನ್ನು ಕೆರೆದು ತಿನ್ನುತ್ತದೆ. ಬಿದ್ದ ಮೌಂಟಿನಲ್ಲಿ ಬಿಚ್ಚಿ ನೋಡಿದಾಗ ಇದೇ ಕಂಡಿತು. ಅದು ಒಂದೇ ರಾತ್ರಿಯ ಸವೆತವಲ್ಲ.

ಆದ್ದರಿಂದ ಕೋನವನ್ನು ಬರಿಯ ಮೌಂಟಿನಲ್ಲೇ, ಫೋನಿನ ಇಳಿಜಾರು ಅಳೆಯುವ ಆ್ಯಪ್ ಇಟ್ಟು ಹೊಂದಿಸಿಕೊಳ್ಳಿ. ಭಾರ ಏರಿದ ಮೇಲೆ ಉಳಿಯುವುದು ಅರ್ಧ ಡಿಗ್ರಿಯಷ್ಟು ತಿದ್ದುಪಡಿ ಮಾತ್ರ. ಆಗಲೂ ಇನ್ನೊಬ್ಬರು ತಲೆಯನ್ನು ಕೆಳಗಿನಿಂದ ಎತ್ತಿ ಹಿಡಿದಿರಲಿ. ಭಾರ ಹೊರುವ ಬೋಲ್ಟಿಗೆ ಎದುರಿನಿಂದ ಒತ್ತುವ ಇನ್ನೊಂದು ಬೋಲ್ಟನ್ನು (ಎದುರು ಬೋಲ್ಟು) ಒಂದು ಸುತ್ತಿಗಿಂತ ಹೆಚ್ಚು ಸಡಿಲಿಸಬೇಡಿ. ಆದರೆ ಭಾರ ಹೊರುವ ಬೋಲ್ಟಿನ ಥ್ರೆಡ್ ಕೈಕೊಟ್ಟರೆ ತಲೆ ಕುಸಿಯುವುದನ್ನು ಅದು ತಡೆಯಲಾರದು. ಕೊನೆಯ ತಿರುವು ಯಾವಾಗಲೂ ಮೇಲಕ್ಕೆ ಎತ್ತುವ ಕಡೆಗಿರಲಿ, ಆಮೇಲೆ ಎದುರು ಬೋಲ್ಟನ್ನು ಮೆಲ್ಲಗೆ ತಾಗಿಸಿ. ಹಳೆಯ ಬೋಲ್ಟನ್ನು ಲೇತ್ ಅಂಗಡಿಗೆ ಒಯ್ದು ಅದೇ ಅಳತೆಯ, ಅದೇ ಪಿಚ್ಚಿನ 8.8 ಅಥವಾ 10.9 ದರ್ಜೆಯ (ಗಟ್ಟಿ ಉಕ್ಕಿನ) ಬೋಲ್ಟನ್ನು ಮಾಡಿಸಿ. ತುದಿ ದುಂಡಗೆ ನುಣುಪಾಗಿರಬೇಕು, ಗ್ರೀಸ್ ಹಚ್ಚಬೇಕು. ಎರಕದ ಥ್ರೆಡ್ಡೇ ಹೋಗಿದ್ದರೆ ಹೊಸ ಬೋಲ್ಟು ಹಾಕಿ ಪ್ರಯೋಜನವಿಲ್ಲ, ಹೆಲಿಕಾಯಿಲ್ (ಹೊಸ ಥ್ರೆಡ್ಡಾಗಿ ಕೂರುವ ಉಕ್ಕಿನ ತಂತಿಯ ಸುರುಳಿ) ಕೂರಿಸಬೇಕು.

ಇದೇ ಅಕ್ಷಾಂಶದ ಇನ್ನೊಂದು ಕಾಟ: ಕೌಂಟರ್‌ವೇಟ್ ಸರಳು ಇಲ್ಲಿ ಲಂಬಕ್ಕೆ ಬರೀ 13 ಡಿಗ್ರಿ ವಾಲಿ ನೇತಾಡುವುದರಿಂದ ತೂಕದ ಬಿಲ್ಲೆ ಟ್ರೈಪಾಡಿನ ಉತ್ತರದ ಕಾಲಿಗೆ ಬಡಿಯುತ್ತದೆ. ಮೋಟಾರು ಅದನ್ನು ಒತ್ತುತ್ತಲೇ ಇದ್ದರೆ ವರ್ಮ್ ಗೇರು (ಅಕ್ಷವನ್ನು ತಿರುಗಿಸುವ ಹಲ್ಲುಚಕ್ರ) ಹಾಳು. ಹಾಗೆಂದು ಕಾಲನ್ನು ಉತ್ತರದಿಂದ ತಿರುಗಿಸಬೇಡಿ, ಭಾರವೆಲ್ಲ ಬರುವುದು ಆ ಕಡೆಗೇ. ಎರಡು ಹಗುರ ಬಿಲ್ಲೆಗಳನ್ನು ಸರಳಿನ ತುದಿಗೆ ಹಾಕುವ ಬದಲು ಭಾರದವನ್ನು ತಲೆಯ ಹತ್ತಿರಕ್ಕೆ ಹಾಕಿ, ಅಥವಾ 15–20 ಸೆಂ.ಮೀ. ಪಿಯರ್ ಎಕ್ಸ್‌ಟೆನ್ಷನ್ (ಟ್ರೈಪಾಡಿಗೂ ಮೌಂಟಿನ ತಲೆಗೂ ನಡುವೆ ಕೂರುವ ಕಂಬ) ಸೇರಿಸಿ. ಎಕ್ಸ್‌ಟೆನ್ಷನ್ ಹಾಕಿದವರು ಟ್ರೈಪಾಡಿನ ಕಾಲನ್ನು ಉದ್ದ ಮಾಡಲೇಬಾರದು.

ಡವ್‌ಟೇಲ್ ವಿಷಯಕ್ಕೆ ಬಂದರೆ, ಬಿದ್ದ ಮೌಂಟಿನಲ್ಲಿ ಅದನ್ನು ಹಿಡಿಯುವ ಎರಡು ಸ್ಕ್ರೂಗಳಲ್ಲಿ ಒಂದೇ ಬಿಗಿಯಾಗಿತ್ತು. ಇಬ್ಬನಿಯಲ್ಲಿ ಪ್ಲಾಸ್ಟಿಕ್ ಹಿಡಿ ಜಾರುತ್ತದೆ, ಬೆರಳು ಮರಗಟ್ಟಿರುತ್ತದೆ, ಬಿಗಿಯಾಯಿತೆಂದು ಅನ್ನಿಸಿಬಿಡುತ್ತದೆ. ಡವ್‌ಟೇಲಿನ ಎರಡೂ ತುದಿಗೆ ಒಂದೊಂದು ಎಂ6 ಬೋಲ್ಟು ತಡೆಯಾಗಿ ಹಾಕಿಸಿ: ಕೊಳವೆ ನೆತ್ತಿಯ ಕಡೆ ನೋಡುವಾಗ ಹಿಡಿತ ಸಡಿಲಾದರೂ ಉದ್ದಕ್ಕೆ ಜಾರಿ ಹೊರಬೀಳುವುದಿಲ್ಲ. ಪಕ್ಕಕ್ಕೆ ಕಳಚಿಕೊಳ್ಳುವುದನ್ನು ಇದು ತಡೆಯದು, ಅದಕ್ಕೆ ಉಂಗುರದಿಂದ ಮೌಂಟಿನ ತಲೆಗೆ ನೈಲಾನ್ ಪಟ್ಟಿಯೊಂದನ್ನು ಕಟ್ಟಿ. ಕೌಂಟರ್‌ವೇಟ್ ಸರಳಿನ ತುದಿಯ ಸಣ್ಣ ಸ್ಕ್ರೂ ಕಳೆದುಕೊಂಡವರು ಬಹಳ ಮಂದಿ. 5 ಕಿಲೋ ಬಿಲ್ಲೆ ಪಾದದ ಮೇಲೆ ಬೀಳದಂತೆ ಕಾಯುವುದು ಅದೊಂದೇ. ಜೋಡಿಸುವಾಗ ಮೊದಲು ತೂಕ, ಆಮೇಲೆ ಕೊಳವೆ. ಬಿಚ್ಚುವಾಗ ಮೊದಲು ಕೊಳವೆ. ತಪ್ಪಿದರೆ ಕ್ಲಚ್ಚು (ಅಕ್ಷ ತಿರುಗದಂತೆ ಬಿಗಿಹಿಡಿಯುವ ಭಾಗ) ಸಡಿಲಾದ ಕ್ಷಣ ಕೊಳವೆ ತಿರುಗಿ ಟ್ರೈಪಾಡಿಗೆ ಬಡಿಯುತ್ತದೆ.

ದೇವರಾಯನದುರ್ಗದಂಥ ಎತ್ತರಗಳಲ್ಲಿ ಗಾಳಿಯೂ ಸೇರುತ್ತದೆ. ಗಂಟೆಗೆ 60 ಕಿ.ಮೀ. ಬೀಸು 8 ಇಂಚಿನ ಕೊಳವೆಯನ್ನು ಅಡ್ಡದಿಂದ ಸುಮಾರು 3–4 ಕಿಲೋ ಬಲದಿಂದ ನೂಕುತ್ತದೆ. ಬಂಡೆಯ ಮೇಲೆ ಟ್ರೈಪಾಡ್ ಕಾಲಿನ ಉಕ್ಕಿನ ಮೊನೆ ಜಾರುತ್ತದೆ, ಕೆಳಗೆ ದಪ್ಪ ರಬ್ಬರ್ ತುಂಡು ಇಡಿ. ರಾಗಿ ಹೊಲದ ಮಣ್ಣಾದರೆ ಒಂದೊಂದು ಕಾಲಿಗೂ ಹಲಗೆ ಬೇಕು.

ಹಳೆಯ ಮೌಂಟ್ ಕೊಳ್ಳುವವರು ಹಣ ಕೊಡುವ ಮೊದಲು ಎತ್ತರದ ಬೋಲ್ಟು ಎರಡನ್ನೂ ಬಿಚ್ಚಿಸಿ. ಹಿಡಿಯನ್ನು ಮೇಜಿನಂಚಿನ ಆಚೆ ಬಿಟ್ಟು ಬೋಲ್ಟಿನ ಕಡ್ಡಿಯನ್ನು ಗಾಜಿನ ಮೇಲೆ ಉರುಳಿಸಿ. ತುದಿ ಓಲಾಡಿದರೆ ಬಾಗಿದೆ. ತೂತಿನೊಳಗೆ ಟಾರ್ಚು ಬಿಟ್ಟು ನೋಡಿ, ಥ್ರೆಡ್ಡಿನ ಸಂದಿಯಲ್ಲಿ ಬೆಳ್ಳಗಿನ ಅಲ್ಯೂಮಿನಿಯಂ ಪುಡಿ ಕಂಡರೆ ಆ ಮೌಂಟ್ ಬೇಡ.