ಸೈಕೋಪೈಯಲ್ಲಿ ಕನ್ನಡ ಸ್ಟ್ರೂಪ್: ಬಳ್ಳಾರಿಯ ಲ್ಯಾಬಿಗೆ ಒಗ್ಗುತ್ತದೆಯೇ?

‘ಕೆಂಪು’ ಎಂಬ ಪದವನ್ನು ಹಸಿರಿನಲ್ಲಿ ಬರೆದು, ಬಣ್ಣ ಯಾವುದು ಎಂದು ಕೇಳಿದರೆ ಉತ್ತರ ತಡವಾಗುತ್ತದೆ. ಓದು ತಾನಾಗಿ ಮುಂದೆ ನುಗ್ಗುತ್ತದೆ, ಗಮನ ಅದನ್ನು ತಡೆಯಬೇಕು. ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಈ ಪರೀಕ್ಷೆ ನಡೆಸಲು ದುಬಾರಿ ತಂತ್ರಾಂಶ ಬೇಕಿಲ್ಲ. ನಾಟಿಂಗ್‌ಹ್ಯಾಮ್‌ನ ಜೊನಾಥನ್ ಪೀರ್ಸ್ ಆರಂಭಿಸಿದ, ಇಂಥ ಪ್ರಯೋಗಗಳನ್ನು ಕಂಪ್ಯೂಟರಿನಲ್ಲಿ ನಡೆಸುವ ತಂತ್ರಾಂಶ ಸೈಕೋಪೈ ಪೂರ್ತಿ ಉಚಿತ, ಕೋಡ್ ಬಾರದವರಿಗೂ ಅದರ ‘ಬಿಲ್ಡರ್’ ಸಾಕು. ಡೆಮೊಗಳಲ್ಲೇ ಸಿದ್ಧ ಸ್ಟ್ರೂಪ್ ಇದೆ. ಐದಕ್ಕೆ ನಾಲ್ಕು ಅಂಕ.

ಕಳೆದ ಒಂದು ಅಂಕ ಕನ್ನಡದ ಲೆಕ್ಕಕ್ಕೆ. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ್ದು ಪರದೆಯಲ್ಲಿ ಇಂಗ್ಲಿಷ್ ಕಸವಾಗಿ ಬರುತ್ತದೆ, ಯೂನಿಕೋಡೇ ಬೇಕು. ಅದರಲ್ಲೂ ಗುಣಿತ, ಒತ್ತು ಎಲ್ಲ ಯಂತ್ರಗಳಲ್ಲಿ ಒಂದೇ ರೀತಿ ಕೂರುತ್ತವೆಂಬ ಭರವಸೆ ಇಲ್ಲ. ಪದಗಳನ್ನು ಚಿತ್ರ ಮಾಡಿಬಿಡಿ: ಕೆಂಪು, ಹಸಿರು, ನೀಲಿ, ಹಳದಿ, ನಾಲ್ಕು ಪದ ನಾಲ್ಕು ಬಣ್ಣ, ಒಟ್ಟು 16 ಪಿಎನ್‌ಜಿ, ಒಂದೇ ಎತ್ತರ. ಹಿನ್ನೆಲೆ ಬೂದು ಇರಲಿ, ಬಿಳಿಯ ಮೇಲೆ ಹಳದಿ ಕಾಣದು.

ಯಾವ ಚಿತ್ರ ತೋರಿಸಬೇಕೆಂದು ಸೈಕೋಪೈಗೆ ಹೇಳುವ ಎಕ್ಸೆಲ್ ಪಟ್ಟಿಯಲ್ಲಿ ಹೆಚ್ಚಿನವರು ಎಡವುತ್ತಾರೆ. 16 ಸಾಲನ್ನು ಹಾಗೇ ಓಡಿಸಿದರೆ ಪದ, ಬಣ್ಣ ಹೊಂದುವವು 4, ಹೊಂದದವು 12. ಹೊಂದುವ ಸಾಲುಗಳನ್ನು ಮೂರು ಮೂರು ಬಾರಿ ಬರೆದರೆ 12–12, ನಾಲ್ಕು ಸುತ್ತಿಗೆ 96 ಪ್ರಯತ್ನ. ಈ ಪಾಲು ಬದಲಾದರೆ ಅಡ್ಡಿಯ (ಹೊಂದದವುಗಳಿಗೆ ಹೆಚ್ಚು ಹಿಡಿಯುವ ಸಮಯದ) ಗಾತ್ರವೂ ಬದಲಾಗುತ್ತದೆ. ಮೊದಲು ಯಾವ ಬಣ್ಣಕ್ಕೆ ಯಾವ ಕೀಲಿ ಎಂದು ಕಲಿಯಲು 20–24 ಅಭ್ಯಾಸ ಕೊಡಿ. ಲೆಕ್ಕಕ್ಕೆ ಸರಿಯುತ್ತರಗಳಷ್ಟೇ: ಹೊಂದದವುಗಳ ಉತ್ತರ ಸಮಯದ ಮಧ್ಯಾಂಕದಿಂದ ಹೊಂದುವವುಗಳದ್ದನ್ನು ಕಳೆಯಿರಿ. ಕೀಬೋರ್ಡಿನ ಸ್ಥಿರ ವಿಳಂಬ ಈ ಕಳೆಯುವಿಕೆಯಲ್ಲೇ ಬಿದ್ದುಹೋಗುತ್ತದೆ.

ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಇಳಿದರೆ ಎಚ್ಚರ. ವಿದ್ಯುತ್ ಉಳಿತಾಯದಲ್ಲಿ, ಪರದೆ ಒಂದೊಂದು ಬಾರಿ ಹೊಸದಾಗಿ ಮೂಡಿಸುವ ಫ್ರೇಮ್‌ಗಳು ತಪ್ಪಬಹುದು, 60 ಹರ್ಟ್ಜ್ ಪರದೆಯಲ್ಲಿ ಒಂದು ಫ್ರೇಮ್ ಎಂದರೆ 16.7 ಮಿಲಿಸೆಕೆಂಡ್.

ಇಲ್ಲಿ ತೆಲುಗು, ಉರ್ದು ಮಾಧ್ಯಮದಲ್ಲಿ ಓದಿದವರೂ ಬರುತ್ತಾರೆ. ಕನ್ನಡ ಓದು ಅವರಿಗೆ ತಾನಾಗಿ ಬಾರದಿದ್ದರೆ ಅಡ್ಡಿ ಕಡಿಮೆಯಾಗುತ್ತದೆ. ಅದನ್ನು ‘ಒಳ್ಳೆಯ ಗಮನ’ ಎಂದು ಓದುವುದು ತಪ್ಪು. ಓದಿನ ಮಾಧ್ಯಮಕ್ಕೊಂದು ಕಾಲಂ ಇರಲಿ. ಕೆಂಪು-ಹಸಿರು ಬಣ್ಣಗುರುಡು ಇಶಿಹಾರಾ ಎಂಬ ಬಣ್ಣದ ಚುಕ್ಕಿಗಳ ಪರೀಕ್ಷೆಯಿಂದ ಮೊದಲೇ ತಿಳಿಯುತ್ತದೆ.

ಮಿದುಳಿನ ಮಾತಿಗೆ ಬಂದರೆ, 1990ರ ಪೆಟ್ ಸ್ಕ್ಯಾನ್ (ಮಿದುಳಿನ ಚಟುವಟಿಕೆಯ ಚಿತ್ರಣ) ಅಧ್ಯಯನ ಇದೇ ಕೆಲಸದಲ್ಲಿ ಮುಂಭಾಗದ ಸಿಂಗ್ಯುಲೇಟ್ ಎಂಬ ಮಿದುಳಿನ ಭಾಗ ಚುರುಕಾಗುವುದನ್ನು ತೋರಿಸಿತು. ಬರಿಯ ಕೀಲಿ ಸಮಯದಿಂದ ಅದು ಕಾಣದು. ಇಇಜಿ (ತಲೆಯ ಮೇಲಿನಿಂದ ಮಿದುಳಿನ ವಿದ್ಯುತ್ ದಾಖಲೆ) ಜತೆ ಓಡಿಸುವುದಾದರೆ ಪರದೆಯ ಮೂಲೆಗೆ ಬೆಳಕು ಗುರುತಿಸುವ ಫೋಟೋಡಯೋಡ್ ಅಂಟಿಸಿ, ಪದ ನಿಜಕ್ಕೂ ಮೂಡಿದ ಗಳಿಗೆಯನ್ನು ಅದರಿಂದಲೇ ಹಿಡಿಯಿರಿ.