ಹೊಸ ಹಾಯಿಗಿಂತ ಹೊಸ ದಾರವೇ ವಾಸಿ

ದೋಣಿಯ ಹಾಯಿ ಹಳತಾದರೆ ಹೊಸದು ಕೊಳ್ಳಬೇಕೋ, ಇರುವುದನ್ನೇ ಹೊಲಿಸಬೇಕೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಹಾಯಿಗೆ ಮರುಹೊಲಿಗೆ ಹಾಕಿಸುವುದಕ್ಕೆ. ನನ್ನದು ಕ್ಯಾಟಲಿನಾ 27 ಅನ್ನುವ ಹಾಯಿದೋಣಿ, ನಿಲ್ಲಿಸುವುದು ಕ್ಯಾಲಿಫೋರ್ನಿಯಾದ ಬರ್ಕ್ಲಿ ಮರೀನಾದಲ್ಲಿ. ಅದರ ಮುಂದಿನ ಹಾಯಿ, ಜಿಬ್, ಅಲ್ಲಲ್ಲಿ ಹೊಲಿಗೆ ಬಿಟ್ಟಿತ್ತು. ಹೊಸದಕ್ಕೆ ಇಲ್ಲಿನ ಸೇಲ್ ಲಾಫ್ಟ್‌ನವರು, ಅಂದರೆ ಹಾಯಿ ಹೊಲಿಯುವ ಅಂಗಡಿಯವರು, 2,100 ಡಾಲರ್ ಅಂದರು. ಆನ್‌ಲೈನ್‌ನಲ್ಲಿ ಅಳತೆ ಕೊಟ್ಟು ಹೊಲಿಸಿದರೆ 1,150. ಆನ್‌ಲೈನ್‌ನಲ್ಲೇ ತರಿಸಿದೆ.

ಬಟ್ಟೆ ಚೆನ್ನಾಗಿತ್ತು, ಅಳತೆಯೂ ಸರಿ. ಎಡವಟ್ಟಾಗಿದ್ದು ಬಿಸಿಲುಪಟ್ಟಿಯಲ್ಲಿ. ಫರ್ಲರ್, ಅಂದರೆ ಹಾಯಿ ಸುತ್ತುವ ಸಲಕರಣೆ, ಇರುವ ದೋಣಿಯಲ್ಲಿ ಜಿಬ್ ಅನ್ನು ಇಳಿಸುವುದಿಲ್ಲ, ಮುಂದಿನ ತಂತಿಗೇ ಚಾಪೆಯ ಹಾಗೆ ಸುತ್ತಿಡುತ್ತೇವೆ. ಆಗ ಬಿಸಿಲಿಗೆ ಬೀಳುವುದು ಹಿಂದಿನ ಮತ್ತು ಕೆಳಗಿನ ಅಂಚು ಮಾತ್ರ. ಅಲ್ಲಿಗೆ ಬಿಸಿಲು ತಡೆಯುವ ಸನ್‌ಬ್ರೆಲ್ಲಾ ಬಟ್ಟೆಯ ಪಟ್ಟಿ ಹೊಲಿದಿರುತ್ತಾರೆ, ಒಂದೇ ಮಗ್ಗುಲಿಗೆ. ಯಾವ ಮಗ್ಗುಲು ಅನ್ನುವುದು ಫರ್ಲರ್ ತಿರುಗುವ ದಿಕ್ಕಿನ ಮೇಲೆ. ಫಾರಂನಲ್ಲಿ ಬಲಮಗ್ಗುಲು ಅಂತ ಬರೆದಿದ್ದೆ, ಬಂದದ್ದು ಎಡಕ್ಕೆ! ಸುತ್ತಿದರೆ ಪಟ್ಟಿ ಒಳಗೆ ನೆರಳಲ್ಲಿ, ಹಾಯಿಯ ಬಟ್ಟೆ, ಬಿಳಿ ಡೇಕ್ರಾನ್, ಹೊರಗೆ ಬಿಸಿಲಲ್ಲಿ.

ಫರ್ಲರಿನ ಬುಡದಲ್ಲಿರುವ ಡ್ರಮ್ಮಿಗೆ ಹಗ್ಗವನ್ನು ಉಲ್ಟಾ ಸುತ್ತಿ, ಹಾಯಿಯೂ ಉಲ್ಟಾ ಸುತ್ತಿಕೊಳ್ಳುತ್ತೆ ಅಂತ ಮಾರಿದವರ ಸಲಹೆ. ಮಾತು ಸರಿಯೇ. ಮಾಡಿ ನೋಡಿದರೆ ಹಗ್ಗ ಡ್ರಮ್ಮಿನ ಇನ್ನೊಂದು ಬದಿಯಿಂದ ಹೊರಟು ಅದರ ಪಂಜರದ ಅಂಚಿಗೆ ಉಜ್ಜತೊಡಗಿತು. ಬೇಸಿಗೆಯ ಮಧ್ಯಾಹ್ನ ಗೋಲ್ಡನ್ ಗೇಟ್ ಕಡೆಯಿಂದ 20-25 ನಾಟ್ (ಗಂಟೆಗೆ ಸುಮಾರು 37-46 ಕಿ.ಮೀ.) ಗಾಳಿ ನುಗ್ಗುತ್ತದೆ. ಆಗ ಹಾಯಿ ಸುತ್ತಲು ಹೋಗಿ ಹಗ್ಗ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಅಳತೆಗೆ ಹೊಲಿದದ್ದು ವಾಪಸ್ ತಗೊಳ್ಳಲ್ಲ ಅಂದರು. ಕೊನೆಗೆ ಇಲ್ಲಿನ ಲಾಫ್ಟ್‌ಗೇ ಹೊತ್ತುಕೊಂಡು ಹೋಗಿ, 300 ಡಾಲರ್ ತೆತ್ತು ಪಟ್ಟಿಯನ್ನು ಬಿಚ್ಚಿಸಿ ಬಲಕ್ಕೆ ಹಾಕಿಸಿದೆ. ಹೊಚ್ಚಹೊಸ ಹಾಯಿಯ ಮೇಲೆ ಈಗ ಸಾಲುಸಾಲು ಸೂಜಿತೂತು.

ಹಳೆಯದನ್ನೂ ಜೊತೆಗೆ ಒಯ್ದಿದ್ದೆ. ಅಲ್ಲಿ ಹೊಲಿಯುವಾಕೆ ಉಗುರಲ್ಲಿ ಹೊಲಿಗೆ ಗೀರಿದರು, ದಾರ ಪುಡಿಪುಡಿ. ಬಟ್ಟೆ ಜಗ್ಗಿದರು, ಗಟ್ಟಿ ಇತ್ತು. ಡೇಕ್ರಾನೂ ಪಾಲಿಯೆಸ್ಟರೇ, ದಾರವೂ ಸಾಮಾನ್ಯವಾಗಿ ಅದೇ. ಆದರೆ ದಾರ ಬಟ್ಟೆಯ ಮೇಲೆ ಎದ್ದು ನಿಂತಿರುವುದರಿಂದ ಬಿಸಿಲು, ತಿಕ್ಕಾಟ ಎರಡೂ ಮೊದಲು ಅದನ್ನೇ ತಿನ್ನುತ್ತವೆ. ತೊಳೆದು, ಎಲ್ಲ ಜೋಡಣೆಗೂ ಮರುಹೊಲಿಗೆ ಹಾಕಿ, ಹೊಸ ಪಟ್ಟಿ ಕೊಟ್ಟದ್ದಕ್ಕೆ 620 ಡಾಲರ್. ಫರ್ಲರ್ ಮೇಲೆ ಈಗ ಇರುವುದು ಅದೇ. 1,450 ನುಂಗಿದ ಹೊಸದು ಕ್ಯಾಬಿನ್ನಿನಲ್ಲಿ ಚೀಲದೊಳಗಿದೆ.

ಸೆಕೆಂಡ್ ಹ್ಯಾಂಡ್ ಹಾಯಿ ಇನ್ನೂ ಅಗ್ಗ, ಆದರೆ ಲಫ್ ಟೇಪಿನ, ಅಂದರೆ ಹಾಯಿಯ ಮುಂದಿನ ಅಂಚಿನ ಪಟ್ಟಿಯ, ದಪ್ಪ ಫರ್ಲರಿನ ತೋಡಿಗೆ ಹೊಂದದಿದ್ದರೆ ಮತ್ತೆ ಲಾಫ್ಟ್‌ಗೇ ನಡೆಯಬೇಕು.

ರೇಸಿಗೆ ಇಳಿಯುವವರ ಲೆಕ್ಕ ಬೇರೆ. ನಾನು ಭಾನುವಾರ ಏಂಜಲ್ ಐಲ್ಯಾಂಡ್ ತನಕ ಹೋಗಿ, ಡಬ್ಬಿಯ ಚಿತ್ರಾನ್ನ ಮುಗಿಸಿ ಬರುವವನು. ವೇಗ ಅರ್ಧ ನಾಟ್ ಕಡಿಮೆಯಾದರೂ ನಷ್ಟವಿಲ್ಲ. ದೊಡ್ಡ ಹಾಯಿಯ ವಿಷಯದಲ್ಲಿ ಮಾತ್ರ ಈ ಸೂತ್ರ ನಡೆಯಲ್ಲ. ಅದರ ಹೊಲಿಗೆ ಗಟ್ಟಿಯಾಗಿದೆ, ಬಟ್ಟೆಯೇ ಹಿಗ್ಗಿ ಹೊಟ್ಟೆ ಬಂದಿದೆ, ಜೋರು ಗಾಳಿಗೆ ದೋಣಿ ಸುಮ್ಮನೆ ವಾಲುತ್ತದೆ. ಸೂಜಿದಾರದಿಂದ ಅದು ನೆಟ್ಟಗಾಗುವುದಿಲ್ಲ. ಅಕ್ಟೋಬರ್ ಹೊತ್ತಿಗೆ ಲಾಫ್ಟ್‌ನವರು ರಿಯಾಯಿತಿ ಬಿಟ್ಟಾಗ ಅವರ ಹತ್ತಿರವೇ ಹೊಸದು ಹೊಲಿಸುತ್ತೇನೆ, ಅಳತೆ ತೆಗೆಯಲು ಅವರೇ ದೋಣಿಗೆ ಬರಲಿ.