ಟರ್ಬೊಗೆ ಮೊದಲು ಕುತ್ತಿಗೆ: ಹ್ಯಾನ್ಸ್ ಸಾಧನದ ಬಗ್ಗೆ

ನನ್ನ ತಮ್ಮ ಕ್ಯಾಲಿಫೋರ್ನಿಯಾದ ಸೊನೋಮಾ ರೇಸ್‌ವೇಯಲ್ಲಿ ಬುಧವಾರ ಸಂಜೆ ನಡೆಯುವ ಹವ್ಯಾಸಿ ಡ್ರ್ಯಾಗ್ ರೇಸ್‌ಗಳಲ್ಲಿ ಹಳೆಯ ಮಸ್ಟಾಂಗ್ ಓಡಿಸುತ್ತಾನೆ. ನೇರ ಹಾದಿಯಲ್ಲಿ ಕಾಲು ಮೈಲಿ, ಅಂದರೆ 402 ಮೀಟರ್ ದೂರಕ್ಕೆ ಹನ್ನೊಂದು ಸೆಕೆಂಡ್ ಚಿಲ್ಲರೆ. ಗೆರೆ ದಾಟುವಾಗ ವೇಗ ಗಂಟೆಗೆ 190 ಕಿ.ಮೀ. ಆಸುಪಾಸು. ಎಂಜಿನ್‌ನ ಬಲ ಹೆಚ್ಚಿಸುವ ಟರ್ಬೊಗೆಂದು ಅವನು ಕೂಡಿಟ್ಟಿದ್ದ ಹಣದಲ್ಲಿ, ಡಿಕ್ಕಿಯಾದಾಗ ತಲೆ ಮುನ್ನುಗ್ಗದಂತೆ ತಡೆದು ಕುತ್ತಿಗೆ ಕಾಯುವ ಹ್ಯಾನ್ಸ್ ಸಾಧನವನ್ನೂ, ಚಾಲಕನನ್ನು ಸೀಟಿಗೆ ಬಿಗಿಯುವ ಪಟ್ಟಿಗಳಾದ ಹೊಸ ಹಾರ್ನೆಸ್ಸನ್ನೂ ಕೊಳ್ಳಬೇಕೆಂದು ಹಟ ಹಿಡಿದವಳು ನಾನು. ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್ ಆಗಿರುವವಳು ಕುತ್ತಿಗೆಯ ವಿಷಯದಲ್ಲಿ ರಾಜಿಯಾಗುವುದು ಸಾಧ್ಯವಿಲ್ಲ.

“ಅಕ್ಕಾ, ನನ್ನ ವೇಗಕ್ಕೆ ಅದು ಕಡ್ಡಾಯವಲ್ಲ” ಎಂದ. ನಿಜವೇ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎಯ ನಿಯಮದ ಪ್ರಕಾರ, ಓಟಕ್ಕೆ 11.49 ಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ತೆಗೆದುಕೊಳ್ಳುವ ಕಾರಿಗೆ ರೋಲ್ ಬಾರ್ (ಕಾರು ಮಗುಚಿದರೆ ಚಾಲಕನನ್ನು ಕಾಯುವ ಉಕ್ಕಿನ ಕೊಳವೆ) ಬೇಕು, ಜೊತೆಗೆ ರೇಸ್ ಸುರಕ್ಷಾ ಸಲಕರಣೆಗಳಿಗೆ ಮಾನದಂಡ ನಿಗದಿಪಡಿಸುವ ಎಸ್‌ಎಫ್‌ಐ ಸಂಸ್ಥೆಯ 16.1 ಮುದ್ರೆಯ ಹಾರ್ನೆಸ್ ಬೇಕು. ತಲೆ ಮತ್ತು ಕುತ್ತಿಗೆಯನ್ನು ತಡೆದು ಹಿಡಿಯುವ ಸಾಧನ ಇನ್ನೂ ಬಹಳ ವೇಗದ ಕಾರುಗಳಿಗೆ ಮಾತ್ರ ಕಡ್ಡಾಯ. ನನ್ನ ತಕರಾರು ಇಲ್ಲೇ. ಹಾರ್ನೆಸ್ ಎದೆಯನ್ನೂ ಭುಜವನ್ನೂ ಸೀಟಿಗೆ ಬಿಗಿದು ನಿಲ್ಲಿಸುತ್ತದೆ. ಕಾರು ಗೋಡೆಗೆ ಬಡಿದಾಗ ಹೆಲ್ಮೆಟ್ ಹೊತ್ತ ತಲೆಗೆ ಮಾತ್ರ ತಡೆಯಿಲ್ಲ. ಅದು ಮುನ್ನುಗ್ಗಿ ಕುತ್ತಿಗೆಯನ್ನು ಜಗ್ಗುತ್ತದೆ, ತಲೆಬುರುಡೆಯ ತಳ ಬಿರಿಯುತ್ತದೆ. 2001ರಲ್ಲಿ ಡೇಟೋನಾ ರೇಸ್‌ನಲ್ಲಿ ಪ್ರಸಿದ್ಧ ಚಾಲಕ ಡೇಲ್ ಅರ್ನ್‌ಹಾರ್ಟ್ ಸತ್ತದ್ದು ಇಂಥ ಗಾಯದಿಂದಲೇ. ಅದೇ ವರ್ಷ ಆ ರೇಸ್ ನಡೆಸುವ ಸಂಸ್ಥೆ ನ್ಯಾಸ್ಕಾರ್ ಈ ಬಗೆಯ ಸಾಧನವನ್ನು ಕಡ್ಡಾಯ ಮಾಡಿತು.

ಹ್ಯಾನ್ಸ್ ಅನ್ನು 1980ರ ದಶಕದಲ್ಲಿ ರೂಪಿಸಿದವರು ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಬರ್ಟ್ ಹಬ್ಬರ್ಡ್ ಮತ್ತು ರೇಸ್ ಚಾಲಕ ಜಿಮ್ ಡೌನಿಂಗ್. ಕೊರಳಪಟ್ಟಿಯಂಥ ಗಟ್ಟಿ ಭಾಗ ಹೆಗಲ ಮೇಲೆ ಕೂರುತ್ತದೆ, ಅದರ ಎರಡು ತೋಳುಗಳು ಎದೆಯ ಕಡೆಗೆ ಇಳಿಯುತ್ತವೆ. ಹಾರ್ನೆಸ್ಸಿನ ಭುಜದ ಪಟ್ಟಿಗಳು ಈ ತೋಳುಗಳ ಮೇಲೆಯೇ ಹಾಯಬೇಕು. ಹೆಲ್ಮೆಟ್‌ನ ಎರಡು ಬದಿಯಿಂದ ಬರುವ ಗಟ್ಟಿ ಪಟ್ಟಿ ಈ ಕೊರಳಪಟ್ಟಿಯ ಹಿಂಭಾಗಕ್ಕೆ ಸೇರುತ್ತದೆ. ತಲೆ ಮುಂದಕ್ಕೆ ಹೋದರೆ ಆ ಸೆಳೆತವನ್ನು ಕುತ್ತಿಗೆಯ ಬದಲು ಹಾರ್ನೆಸ್ ಹೊರುತ್ತದೆ. ನಮ್ಮ ಎಸ್‌ಎ2020 ದರ್ಜೆಯ ರೇಸ್ ಹೆಲ್ಮೆಟ್‌ನಲ್ಲಿ ಈ ಪಟ್ಟಿ ಸಿಕ್ಕಿಸಲು ಬೇಕಾದ ತಿರುಪಿನ ರಂಧ್ರಗಳು ಕಾರ್ಖಾನೆಯಿಂದಲೇ ಬಂದಿದ್ದವು, ಕೊರೆಯುವ ಗೋಜಿರಲಿಲ್ಲ.

ನಾವು ಕೊಂಡಾಗ ಹ್ಯಾನ್ಸ್‌ನ ಬೆಲೆ ಸುಮಾರು 600 ಡಾಲರ್. ಆ ದುಡ್ಡಿಗೆ ನನ್ನ ಪೂರ್ಣ ಸಮ್ಮತಿ ಇದೆ. ಆದರೆ ಇದನ್ನು ಒಂಟಿಯಾಗಿ ಕೊಂಡರೆ ಪ್ರಯೋಜನವಿಲ್ಲ. ಭುಜದ ಪಟ್ಟಿಗಳು ಹೆಗಲ ಮಟ್ಟದಿಂದ ನೇರ ಹಿಂದಕ್ಕೆ, ಹೆಚ್ಚೆಂದರೆ 20 ಡಿಗ್ರಿ ಇಳಿಜಾರಿನಲ್ಲಿ ಹೋಗಬೇಕು. ತಮ್ಮನ ಕಾರಿನಲ್ಲಿ ಅವನ್ನು ಹಿಂದಿನ ಸೀಟಿನ ನೆಲಕ್ಕೆ ಬಿಗಿದಿದ್ದರು. ಹಾಗಿದ್ದರೆ ಡಿಕ್ಕಿಯಲ್ಲಿ ಪಟ್ಟಿ ಬೆನ್ನುಮೂಳೆಯನ್ನು ಕೆಳಗೆ ಅದುಮುತ್ತದೆ. ಈಗ ರೋಲ್ ಬಾರ್‌ನ ಅಡ್ಡ ಕೊಳವೆಗೆ, ಒಂದಕ್ಕೊಂದು ಹತ್ತಿರವಾಗಿ ಸುತ್ತಿಸಿದ್ದೇವೆ.

ಹಾರ್ನೆಸ್ ಕೊಳ್ಳುವಾಗ ಅಂಗಡಿಯವರೊಡನೆ ಜಗಳವಾಯಿತು. ಎಸ್‌ಎಫ್‌ಐ ಚೀಟಿಯಲ್ಲಿ ತಯಾರಾದ ತಿಂಗಳು, ವರ್ಷಗಳ ಮೇಲೆ ಸಣ್ಣ ತೂತು ಹೊಡೆದಿರುತ್ತಾರೆ. ಹೊಚ್ಚ ಹೊಸ ಪೊಟ್ಟಣ ಬಿಚ್ಚಿ ನೋಡಿದರೆ ಆ ತೂತು ಹಿಂದಿನ ವರ್ಷದ ಮೇಲಿತ್ತು! 16.1ರ ಆಯಸ್ಸು ತಯಾರಾದ ದಿನದಿಂದ ಎರಡೇ ವರ್ಷ, ಕೊಂಡ ದಿನದಿಂದಲ್ಲ. ಅರ್ಧ ಆಯಸ್ಸನ್ನು ಅಂಗಡಿಯ ಕಪಾಟೇ ತಿಂದುಹಾಕಿತ್ತು. ವಾಪಸ್ ಮಾಡಿದೆವು. ಚೀಟಿ ನೋಡದೆ ದುಡ್ಡು ಕೊಡಬೇಡಿ.

ಹ್ಯಾನ್ಸ್‌ನಲ್ಲಿ ಕೊರತೆಗಳೂ ಇವೆ. ಕತ್ತು ಪೂರ್ತಿ ತಿರುಗುವುದಿಲ್ಲ, ಕಾರು ಹಿಂದೆ ತೆಗೆಯುವಾಗ ಕನ್ನಡಿಯನ್ನೇ ನಂಬಬೇಕು. ಕೊರಳೆಲುಬಿಗೆ ಒತ್ತುತ್ತದೆ, ದಪ್ಪ ಮೆತ್ತೆ ಹಾಕಿದ ಮೇಲೆ ತಮ್ಮನ ದೂರು ನಿಂತಿತು. ಹ್ಯಾನ್ಸ್‌ಗಿರುವ ಎಸ್‌ಎಫ್‌ಐ 38.1 ಮುದ್ರೆಗೆ ಐದು ವರ್ಷಕ್ಕೊಮ್ಮೆ ಮರುತಪಾಸಣೆ ಮಾಡಿಸಬೇಕು. ಹೊರಬರುವುದು ಕಷ್ಟವೆಂದು ನಾನು ಭಾವಿಸಿದ್ದೆ, ಹಾಗೇನಿಲ್ಲ: ಹಾರ್ನೆಸ್ ಬಿಚ್ಚಿದರೆ ಹೆಲ್ಮೆಟ್ ಮತ್ತು ಹ್ಯಾನ್ಸ್ ಎರಡನ್ನೂ ತೊಟ್ಟುಕೊಂಡೇ ಇಳಿಯಬಹುದು. ಕಣ್ಣು ಮುಚ್ಚಿ ಇಳಿಯುವ ಅಭ್ಯಾಸವನ್ನು ಗ್ಯಾರೇಜಿನಲ್ಲಿ ಮಾಡಿಸಿದ್ದೇನೆ, ಬೆಂಕಿಯ ಹೊಗೆಯಲ್ಲಿ ಕಣ್ಣು ಕಾಣುವುದಿಲ್ಲ.

ಪಕ್ಕದ ಹೊಡೆತಕ್ಕೆ ಮಾತ್ರ ಹ್ಯಾನ್ಸ್ ಒಂದೇ ಸಾಲದು. ಡ್ರ್ಯಾಗ್ ರೇಸ್ ಚಾಲಕ ಎರಿಕ್ ಮೆಡ್ಲೆನ್ 2007ರಲ್ಲಿ ಸತ್ತದ್ದು ಡಿಕ್ಕಿಯಿಂದಲ್ಲ. ಟೈರ್ ವಿಪರೀತ ಅದುರಿ, ತಲೆ ಅತ್ತಿಂದಿತ್ತ ಬಡಿದು. ಆಮೇಲೆ ಅವರ ತಂಡ ಚಾಲಕನ ಸುತ್ತಲಿನ ಉಕ್ಕಿನ ಕೊಳವೆಗಳ ಕೇಜಿನೊಳಗಿನ ಮೆತ್ತೆಯನ್ನೇ ಬದಲಿಸಿತು. ನಮ್ಮ ಹವ್ಯಾಸಿಗಳಲ್ಲಿ ಎಷ್ಟೋ ಜನ ನೀರಿನ ಪೈಪಿಗೆ ಸುತ್ತುವ ಸ್ಪಂಜನ್ನು ರೋಲ್ ಬಾರ್‌ಗೆ ಸುತ್ತುತ್ತಾರೆ. ಹೆಬ್ಬೆರಳಲ್ಲಿ ಒತ್ತಿದರೆ ಒಳಗಿನ ಉಕ್ಕು ತಗಲುತ್ತದೆ. ಎಸ್‌ಎಫ್‌ಐ 45.1 ಮುದ್ರೆಯ ಮೆತ್ತೆ ಹೆಬ್ಬೆರಳಿಗೆ ಸುಲಭವಾಗಿ ಬಗ್ಗುವುದಿಲ್ಲ, ಅದಕ್ಕೇ ಅದು ತಲೆಯ ಪೆಟ್ಟನ್ನು ಹೀರಬಲ್ಲದು. ತಲೆ ತಾಗಬಹುದಾದ ಕಡೆಯೆಲ್ಲ ಅದನ್ನೇ ಹಾಕಿಸಿ.

ಕೊಳ್ಳುವವರಿಗೆ ಇಷ್ಟು: ಹ್ಯಾನ್ಸ್ ಸೀಟಿನ ಓರೆಗೆ ತಕ್ಕಂತೆ ಬೇರೆ ಬೇರೆ ಕೋನಗಳಲ್ಲಿ ಬರುತ್ತದೆ, ನೇರ ಕೂರುವ ಸೀಟಿಗೆ 20 ಡಿಗ್ರಿಯದನ್ನು ಕೇಳಿ. ಅಂಗಿಯ ಅಳತೆ ಹೇಳಬೇಡಿ, ಕುತ್ತಿಗೆಯ ಸುತ್ತಳತೆಯನ್ನು ಟೇಪು ಹಿಡಿದು ಅಳೆದು ಹೇಳಿ. ಸಾಧ್ಯವಾದರೆ ನಿಮ್ಮದೇ ಸೀಟಿನಲ್ಲಿ ಕೂತು, ಹಾರ್ನೆಸ್ ಬಿಗಿದು ನೋಡಿದ ಮೇಲೆ ದುಡ್ಡು ಕೊಡಿ.